ಹೆಬ್ಬೆರಳಿನ ಲೆಕ್ಕ

ನಾಳೆ ಈ ಕೋಣೆಯ ಬೀಗದಕೈ ಒಪ್ಪಿಸಬೇಕು.
ಮೂವತ್ತೊಂದು ವರ್ಷದ ವೈರುಗಳು ಗೋಣಿಚೀಲದಲ್ಲಿ,
ಯಾವುದು ಫೇಸು ಯಾವುದು ಅರ್ಥು
ನನಗೇ ಈಗ ಗುರುತಿಲ್ಲ.
ಕಿಟಕಿಯಾಚೆ ಕೋಲಾರದ ಬೆಟ್ಟ,
ಬಂಡೆಯ ಮೇಲೆ ಬಂಡೆ ಬೀಳದೆ ಕೂತಿದೆ.
ಹಾಗೆ ಕೂರುವುದು ಎಷ್ಟು ಕಷ್ಟವೆಂದು
ಬೆನ್ನು ಮುರಿದವರನ್ನು ಕೇಳಿ.

ಶಿಡ್ಲಘಟ್ಟದಲ್ಲಿ ಅಬ್ಬಾನದು ಬಿಚ್ಚಾಣಿಕೆ.
ಕುದಿನೀರಲ್ಲಿ ಗೂಡುಗಳು ಕುಣಿಯುತ್ತಿದ್ದವು;
ಸದಾ ಬೆಂದು ಸುಕ್ಕುಗಟ್ಟಿದ ಅವರ ಬೆರಳಿಗೆ
ಎಳೆಯ ತುದಿ ಎಲ್ಲಿದೆಯೆಂದು
ಕಣ್ಣಿಗಿಂತ ಮೊದಲೇ ತಿಳಿಯುತ್ತಿತ್ತು.
ತುಂಡಾದರೆ ಬೈಗುಳವಿಲ್ಲ, ಗಂಟೂ ಇಲ್ಲ:
ಇನ್ನೊಂದು ಗೂಡಿನ ತುದಿ ಹಿಡಿದು
ಓಡುವ ನೂಲಿನತ್ತ ಎಸೆದರೆ
ಅದೇ ಹೋಗಿ ಅಂಟಿಕೊಳ್ಳುತ್ತಿತ್ತು.
ಬೆನ್ನುಹುರಿಯೂ ಹಾಗೇ ಎಂದುಕೊಂಡೆ
ಇಪ್ಪತ್ತೊಂಬತ್ತರ ಹುಮ್ಮಸ್ಸಿನಲ್ಲಿ.
ಹಾಗಲ್ಲ.

ಮೊದಲು ಬಂದವನು ಶ್ರೀನಿವಾಸಪುರದ ಕಡೆಯ ಪಿಳ್ಳಾಂಜಿನಪ್ಪ.
ಬಾದಾಮಿ ಕಾಯಿ ಇಳಿಸಲು ಹತ್ತಿ
ಕೊಂಬೆ ಸಮೇತ ಬಿದ್ದವನು.
ಕೈಲಿದ್ದ ಕಾಯಿ ಬಿಟ್ಟಿರಲಿಲ್ಲವಂತೆ,
ತೊಟ್ಟು ಕೂಡ ಮುರಿದಿರಲಿಲ್ಲವಂತೆ,
ನಗುತ್ತಾ ಹೇಳಿದ.
ಹೊಕ್ಕುಳಿಂದ ಕೆಳಗೆ ಆ ನಗು ಇಳಿಯಲಿಲ್ಲ.

ನಾನು ನಡಿಗೆಯ ಮಾತಾಡಿದೆ, ಗ್ರಾಫು ತೋರಿಸಿದೆ.
"ನಡೆಯೋದು ಆಮೇಲೆ ನೋಡಾಣ ಮೇಡಮ್ಮ,
ಉಚ್ಚೆ ಬಂದದ್ದು ಗೊತ್ತಾಗೋ ಹಂಗೆ ಮಾಡ್ತೀರಾ?
ಮಗಳ ಮನೆಗೆ ಹೋದರೆ ಚಾಪೆ ನೆನೀದಂಗೆ?"
ಅದನ್ನು ಬರೆದುಕೊಳ್ಳಲಿಲ್ಲ.
ಒಂಬತ್ತು ವರ್ಷ ಬರೆದುಕೊಳ್ಳಲಿಲ್ಲ.
ನಡಿಗೆಗೆ ಗ್ರಾಂಟು ಬರುತ್ತಿತ್ತು.

ಮೊದಲ ಪೆಟ್ಟಿಗೆ ಕಟ್ಟಿಕೊಟ್ಟವನು
ಕೆಜಿಎಫ್‌ನ ಫಿಟ್ಟರ್ ಅರುಳಪ್ಪನ್, ಗಣಿಯಿಂದ ಹೊರಬಿದ್ದವನು.
ತಗಡು ಬಗ್ಗಿಸುತ್ತಾ ಹೇಳುತ್ತಿದ್ದ:
ಕೆಳಗೆ ಆಳು ಇದಾನೆ ಅನ್ನೋದು ಮೇಲಿನೋರಿಗೆ
ಗಂಟೆ ಬಾರಿಸಿದ ಮೇಲೇ ಗೊತ್ತಾಗೋದು.
ಗಂಟೆ ಕೆಟ್ಟಿದ್ದರೆ ಆಳಿಲ್ಲ ಅಂತಲ್ಲ.

ಆರನೇ ವರ್ಷ, ಒಂದು ಮಂಗಳವಾರ
ಪಿಳ್ಳಾಂಜಿನಪ್ಪನ ಎಡಗಾಲಿನ ಹೆಬ್ಬೆರಳು
ನಾಲ್ಕು ಮಿಲಿಮೀಟರು ಎದ್ದಿತು.
ಚಪ್ಪಾಳೆ. ಯಾರೋ ಮೈಸೂರುಪಾಕು ತರಲು ಓಡಿದರು.
ಅವನೊಬ್ಬ ಸುಮ್ಮನಿದ್ದ.
"ಅಲ್ಲಾಡಿಸಿದ್ದು ನಾನಾ, ನಿಮ್ಮ ಕರೆಂಟಾ?"

ಸ್ವಿಚ್ಚು ಆರಿಸಿದೆ. ಈಗ ಹೇಳಿ ಅದಕ್ಕೆ, ಎಂದೆ.
ಕೂಗಿದರೂ ಬಾರದ ಕರುವನ್ನು ನೋಡುವಂತೆ
ಬೆರಳನ್ನೇ ನೋಡುತ್ತಾ ಕೂತ,
ಹಣೆಯ ಬೆವರು ಕತ್ತಿಗಿಳಿಯುವ ತನಕ.
ಇಲ್ಲ, ಅಲುಗಲಿಲ್ಲ. ಸುಳ್ಳು ಹೇಳಲಾರೆ.
"ಹೊರಟಿದ್ದು ಗೊತ್ತಾಯ್ತು ಮೇಡಮ್ಮ.
ಸೊಂಟದ ತನಕ ಬಂತು.
ಅಲ್ಲಿಂದಾಚೆ ಬಸ್ಸಿಲ್ಲ."

ಹತ್ತನೇ ವರ್ಷ ಹೊಟ್ಟೆಗೆ ಕಟ್ಟುವ ಪಟ್ಟಿ ಮಾಡಿದೆ,
ಚೀಲ ತುಂಬಿತೆಂದರೆ ಭುಜದ ಮೇಲೆ
ಜುಂಯ್ ಎನ್ನುವಂಥದ್ದು.
ಖರ್ಚು ನಾಲ್ಕು ಸಾವಿರ. ಯಾವ ಪತ್ರಿಕೆಯೂ ಅದನ್ನು ಅಚ್ಚು ಹಾಕಲಿಲ್ಲ.
ಅದನ್ನು ಕಟ್ಟಿಕೊಂಡು ಅವನು ಮಗಳ ಮನೆಯಲ್ಲಿ
ಎರಡು ಮಾವಿನ ಸುಗ್ಗಿ ಕಳೆದ.
ಮೂರನೆಯದಕ್ಕೆ ಮೊದಲೇ ಬೆನ್ನಿನ ಹುಣ್ಣು
ಮೂಳೆ ಮುಟ್ಟಿತು.
ಹುಣ್ಣಿಗೆ ನನ್ನ ಬಳಿ ಯಂತ್ರವಿರಲಿಲ್ಲ;
ಗಂಟೆಗೊಮ್ಮೆ ಹೊರಳಿಸುವ ಇನ್ನೊಂದು ಜೋಡಿ ಕೈ ಬೇಕಿತ್ತು,
ಮಗಳು ಆಗ ತುಂಬು ಬಸುರಿ.

ಆಮೇಲೆ ನಡೆದವರಿದ್ದಾರೆ.
ಮುಳಬಾಗಿಲಿನ ಶಶಿರೇಖಾ, ಕಂಬಿ ಹಿಡಿದು, ಹದಿನೇಳು ಹೆಜ್ಜೆ.
ಅದರ ಫೋಟೋ ಕಾರಿಡಾರಿನಲ್ಲಿದೆ, ನಾಳೆ ಹಾರವೂ
ಅದರ ಮುಂದೆಯೇ ಹಾಕುತ್ತಾರಂತೆ.
ಹದಿನೆಂಟನೆಯದನ್ನು ಇಡಲಾಗದೆ
ಅವಳು ಅತ್ತದ್ದು ಫೋಟೋದಲ್ಲಿಲ್ಲ.

ಈಗ ಕಪಾಟಿನ ತಳದಲ್ಲಿ
ಆ ಮಂಗಳವಾರದ ಹಾಳೆ ಸಿಕ್ಕಿದೆ.
ಸ್ವಿಚ್ಚು ಆರಿದ ಮೇಲಿನ ಗೆರೆ ನೆಟ್ಟಗೆ,
ಒಂದು ಕಡೆ ಮಾತ್ರ ಕೂದಲೆಳೆಯಷ್ಟು ನಡುಕ.
ಬರೀ ಗದ್ದಲ ಎಂದು ಪೆನ್ಸಿಲಿನಲ್ಲಿ
ನಾನೇ ಹೊಡೆದುಹಾಕಿದ್ದೇನೆ.

ಬೆರಳು ನಾಲಿಗೆಗೆ ತಾಗಿಸಿ ಒದ್ದೆ ಮಾಡಿ
ಪೆನ್ಸಿಲ್ ಗೀಟು ಉಜ್ಜುತ್ತಿದ್ದೇನೆ.
ಲೈಟು ಆರಿಸಲಾ ಮೇಡಂ, ಎನ್ನುತ್ತಾನೆ ವಾಚ್‌ಮನ್.
ಇರಪ್ಪ, ಒಂದು ನಿಮಿಷ.